ಗಂಡು ಮಗು, ಎಲ್ಲಾ ನಾರ್ಮಲ್ಲಾ?

ಆಸ್ಪತ್ರೆಯಿಂದ ಬಾಣಂತಿಯನ್ನ ಮನೆಗೆ ಕಳಿಸುವಾಗ ಕೊಡೋ ಡಿಸ್ಚಾರ್ಜ್ ಶೀಟನ್ನ ಯಾರಾದ್ರೂ ಪೂರ್ತಿ ಓದಿದ್ದೀರಾ? ಮಗುವಿನ ತೂಕ, ಹುಟ್ಟಿದ ಗಳಿಗೆ, ಹಾಕಿದ ಲಸಿಕೆ... ಎಲ್ಲಾ ಇರುತ್ತೆ. ಗಂಡುಮಗುವಿನ ಜನನಾಂಗದ ಬಗ್ಗೆ ಮಾತ್ರ ಹೆಚ್ಚಿನ ಕಡೆ ಒಂದೇ ಪದ: ‘ನಾರ್ಮಲ್’. ನೋಡಿ ಬರೆದದ್ದೋ, ನೋಡದೇ ಬರೆದದ್ದೋ, ಆ ಶಿವನೇ ಬಲ್ಲ. ಮಕ್ಕಳ ಡಾಕ್ಟರಾಗಿ ನನಗೆ ಈ ಪದದ ಮೇಲೆ ಬಹಳ ದಿನಗಳ ಸಿಟ್ಟು.

ವಿಷಯ ಸ್ವಲ್ಪ ಮುಜುಗರದ್ದು, ಗೊತ್ತು. ಆದ್ರೆ ಅಪರೂಪದ್ದೇನಲ್ಲ. ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಒಂದೋ ಎರಡೋ ವೃಷಣ ಚೀಲಕ್ಕೆ ಇಳಿದಿರಲ್ಲ. ದಿನ ತುಂಬದವರಲ್ಲಿ ಇನ್ನೂ ಹೆಚ್ಚು. ಆರು ತಿಂಗಳೊಳಗೆ ಎಷ್ಟೋ ಮಕ್ಕಳಲ್ಲಿ ತಾನಾಗೇ ಇಳಿಯುತ್ತೆ. ಆಮೇಲೆ ಇಳಿಯೋದು ಅಪರೂಪ. ಅದಕ್ಕೇ 6ರಿಂದ 18 ತಿಂಗಳೊಳಗೆ ಆಪರೇಷನ್ ಮಾಡಿಸಿ ಅನ್ನೋದು. ತಡವಾದಷ್ಟೂ ಮುಂದೆ ಮಕ್ಕಳಾಗುವ ಶಕ್ತಿಗೆ ಪೆಟ್ಟು, ಕ್ಯಾನ್ಸರಿನ ಅಪಾಯವೂ ಜಾಸ್ತಿ. ‘ದೊಡ್ಡವನಾದ್ರೆ ಸರಿಹೋಗುತ್ತೆ ಬಿಡಿ’ ಅಂತ ಅಜ್ಜಿ ಹೇಳ್ತಾರೆ, ಕೆಲವು ಸಲ ಡಾಕ್ಟರೂ ಹೇಳ್ತಾರೆ!

ಐದು ವರ್ಷದ ಹುಡುಗ ಬರ್ತಾನೆ, ಒಂದು ಕಡೆ ಖಾಲಿ. ಮೊದಲಿಂದಲೇ ಇರಲಿಲ್ವಾ, ಇದ್ದದ್ದು ಮೇಲೆ ಹೋಯ್ತಾ? (ಹಾಗೂ ಆಗುತ್ತೆ. ಬರೀ ನನ್ನ ತಣ್ಣನೆ ಕೈಗೆ ಹೆದರಿ ಮೇಲೆ ಓಡೋದೂ ಉಂಟು.) ಹಳೇ ಕಾರ್ಡ್ ತೆಗೆದು ನೋಡಿದ್ರೆ... ನಾರ್ಮಲ್. ‘ಎರಡೂ ಚೀಲದಲ್ಲಿ ಕೈಗೆ ಸಿಕ್ಕವು’ ಅಂತ ಬರೆಯೋಕೆ ಎಷ್ಟು ಇಂಕು ಬೇಕು ಸ್ವಾಮಿ?

ಇನ್ನೊಂದು ಹೈಪೋಸ್ಪೇಡಿಯಾಸ್. ಮೂತ್ರದ್ವಾರ ತುದಿಯಲ್ಲಿರದೆ ಶಿಶ್ನದ ಕೆಳಬದಿಯಲ್ಲೆಲ್ಲೋ ಇರುತ್ತೆ, 200-300 ಗಂಡುಮಕ್ಕಳಲ್ಲಿ ಒಬ್ಬನಿಗೆ. ಮುಂದೊಗಲು ಮೇಲ್ಗಡೆ ಮಾತ್ರ ಕುಲಾವಿ ಥರ ನಿಂತಿರುತ್ತೆ. ಹುಟ್ಟುವಾಗಲೇ ಸುನ್ನತಿ ಆಗಿದೆ ಅಂತ ಖುಷಿಪಡೋ ಮನೆಗಳೂ ಇವೆ. ರಿಪೇರಿಗೆ ಸರ್ಜನ್‌ಗೆ ಬೇಕಾಗಬಹುದಾದದ್ದು ಅದೇ ಚರ್ಮ. ಆದ್ದರಿಂದ ದ್ವಾರ ಎಲ್ಲಿದೆ, ಶಿಶ್ನ ಬಾಗಿದೆಯಾ ಅಂತ ಬರೆದು, ಕೆಳಗೆ ದಪ್ಪಕ್ಷರದಲ್ಲಿ ‘ಸರ್ಜನ್ ನೋಡುವವರೆಗೆ ಸುನ್ನತಿ ಬೇಡ’ ಅಂತ ಹಾಕಬೇಕು.

ನಿಜವಾಗಿ ಹೆದರಬೇಕಾದದ್ದು ಇವೆರಡೂ ಒಟ್ಟಿಗೆ ಬಂದಾಗ. ದ್ವಾರ ಕೆಳಗಿದ್ದು, ಎರಡೂ ವೃಷಣ ಕೈಗೆ ಸಿಗದಿದ್ರೆ ‘ಗಂಡು’ ಅಂತ ಬರೆಯೋ ಪೆನ್ನನ್ನೇ ತಡೆಹಿಡೀಬೇಕು. ಅಡ್ರೀನಲ್ ಗ್ರಂಥಿಯ ಹುಟ್ಟುದೋಷ ಇರೋ ಹೆಣ್ಣುಮಗು ಆಗಿರಬಹುದು. ಅಂಥ ಕೆಲವು ಮಕ್ಕಳು ಎರಡು-ಮೂರು ವಾರದೊಳಗೆ ಮೈಯಿನ ಉಪ್ಪು ಕಳಕೊಂಡು, ವಾಂತಿಯಾಗಿ, ಜೀವಕ್ಕೇ ಕುತ್ತಾಗುತ್ತೆ. ಒಂದು ರಕ್ತಪರೀಕ್ಷೆ, ಕೆಲವು ಗುಳಿಗೆ ಉಳಿಸೋ ಜೀವ ಅದು.

2013ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಒಳ್ಳೇದೇ. ಆದ್ರೆ ಅದು ಆಗ ಹೆಸರಿಸಿದ ಒಂಬತ್ತು ಹುಟ್ಟುದೋಷಗಳಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದ ತೊಂದರೆ ಎಲ್ಲಾ ಇದ್ದವು, ಇವು ಇರಲಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಫಾರಂನಲ್ಲಿ ಜಾಗ ಯಾರು ಕೊಡ್ತಾರೆ?

ಫೋಟೋ ತೆಗೆಯೋದು ತಪ್ಪಲ್ಲ, ಸರ್ಜನ್‌ಗೆ ಉಪಯೋಗವೇ. ಆದ್ರೆ ಅಪ್ಪ-ಅಮ್ಮನ ಒಪ್ಪಿಗೆ ಬರಹದಲ್ಲಿ ಬೇಕು, ಫೋಟೋ ಕೇಸ್ ಫೈಲಲ್ಲೇ ಇರಬೇಕು. ಡಾಕ್ಟರುಗಳ ವಾಟ್ಸಾಪ್ ಗುಂಪಿನಲ್ಲಲ್ಲ.

ನಿಮ್ಮನೇಲಿ ಯಾರಾದ್ರೂ ಬಾಣಂತನಕ್ಕೆ ಬಂದಿದ್ರೆ ಆ ಶೀಟ್ ಒಮ್ಮೆ ತೆಗೆದು ನೋಡಿ. ‘ನಾರ್ಮಲ್’ ಅಂತಷ್ಟೇ ಇದ್ರೆ, ಮೊದಲ ಲಸಿಕೆಗೆ ಹೋದಾಗ ಡಯಾಪರ್ ಬಿಚ್ಚಿಸಿ ಕೇಳಿ.