ವಿಮಾನದ ಸದ್ದಿಗೆ ಮದ್ದು ನೆಲದ ಮೇಲಿದೆ

ಗುತ್ತಲದ ಎರೆಹೊಲಗಳ ಮೇಲೆ ಹಾದುಹೋಗುವ ವಿಮಾನಗಳು ಬಹು ಎತ್ತರದಲ್ಲಿರುತ್ತವೆ. ಅವುಗಳ ಸದ್ದು ನಮಗೆ ಬಾಧೆಯಲ್ಲ. ಮಕ್ಕಳಿಗೆ ತಲೆಯೆತ್ತಿ ನೋಡಲು ಒಂದು ನೆಪವಷ್ಟೆ. ಹೀಗಿರುವಾಗ ವಿಮಾನ ನಿಲ್ದಾಣದ ಸದ್ದಿನ ವಿಚಾರವನ್ನು ಈ ಅಂಕಣದಲ್ಲಿ ಎತ್ತಿಕೊಳ್ಳುವ ಅಗತ್ಯವೇನೆಂದು ಓದುಗರು ಕೇಳಬಹುದು. ಅಗತ್ಯ ಖಂಡಿತವಾಗಿಯೂ ಇದೆ. ನಮ್ಮ ಉತ್ತರಕ್ಕೆ ಹುಬ್ಬಳ್ಳಿಯ ನಿಲ್ದಾಣವು 2017ರಲ್ಲಿ ಹೊಸ ಟರ್ಮಿನಲ್ ಕಂಡು ವಿಸ್ತಾರಗೊಂಡಿದೆ. ದಕ್ಷಿಣಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಹೊಸ ನಿಲ್ದಾಣದ ಉದ್ಘಾಟನೆಯಾಗಿದೆ. ರಾಣೆಬೆನ್ನೂರಿನ ಮಗ್ಗುಲಲ್ಲಿರುವ ದಾವಣಗೆರೆಗೂ ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಸದ್ದಿನ ಕುರಿತು ಮಾತನಾಡಬೇಕಾದುದು ಸದ್ದು ಬರುವ ಮುನ್ನವೇ. ಬಂದ ಮೇಲೆ ನಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ.

ವಿಮಾನ ನಿಲ್ದಾಣವೇ ಬೇಡವೆಂಬ ವಾದ ಇಲ್ಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದೂರದೂರಿನ ಪೇಟೆಗಳಿಗೆ ಹೋಗುತ್ತದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರ ನಾಡಿನಾಚೆಗೂ ಹಬ್ಬಿದೆ. ತುರ್ತು ಚಿಕಿತ್ಸೆಗಾಗಿ ದೂರದ ನಗರಕ್ಕೆ ಧಾವಿಸುವ ರೋಗಿಗೆ ಒಂದು ಗಂಟೆಯ ಉಳಿತಾಯವೂ ಜೀವದಾನವಾದೀತು. ಅಭಿವೃದ್ಧಿ ನಮಗೂ ಬೇಕು. ಆದರೆ ಅದರ ಲಾಭ ಪಡೆಯುವವರು ಒಬ್ಬರು, ನಿದ್ದೆಗೆಡುವವರು ಇನ್ನೊಬ್ಬರು ಎಂಬಂತಾದರೆ ಅದನ್ನು ನ್ಯಾಯವೆನ್ನಲಾಗದು. ಓಣಿಯಲ್ಲಿ ಧ್ವನಿವರ್ಧಕದ ಅಬ್ಬರ ಹೆಚ್ಚಾದರೆ ಹಚ್ಚಿದವರ ಬಳಿ ಹೋಗಿ ಕೇಳಿಕೊಳ್ಳಬಹುದು, ಠಾಣೆಗೆ ದೂರನ್ನೂ ಕೊಡಬಹುದು. ನಡುರಾತ್ರಿಯಲ್ಲಿ ತಲೆಯ ಮೇಲೆ ಹಾರಿದ ವಿಮಾನದ ಬಗ್ಗೆ ಯಾರ ಬಾಗಿಲು ತಟ್ಟುವುದು?

ಬೆಂಗಳೂರಿನ ಅನುಭವ ನಮ್ಮ ಕಣ್ಣ ಮುಂದಿದೆ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದಾಗ ಅದರ ನೆಲೆಯು ಊರಿನ ಹೊರಗಿತ್ತು. ಕಾಲಕ್ರಮದಲ್ಲಿ ನಗರವೇ ನಡೆದುಬಂದು ಅದನ್ನು ಸುತ್ತುವರಿಯಿತು. ದೊಮ್ಮಲೂರು, ಮುರುಗೇಶಪಾಳ್ಯಗಳ ಮನೆಗಳ ಸನಿಹದಲ್ಲೇ ಜೆಟ್ ವಿಮಾನಗಳು ಏರಿಳಿಯತೊಡಗಿದವು. 2008ರ ಮೇ ತಿಂಗಳಿನಲ್ಲಿ ನಾಗರಿಕ ವಿಮಾನಸೇವೆಯು ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣಕ್ಕೆ ಸ್ಥಳಾಂತರವಾಯಿತು. ಇದಕ್ಕೆ ಹಳೆಯ ನಿಲ್ದಾಣದ ಇಕ್ಕಟ್ಟು ಕಾರಣವೇ ಹೊರತು ನೆರೆಯವರ ಸಂಕಟವಲ್ಲ. ಹೊಸ ನಿಲ್ದಾಣಕ್ಕೆ ಸುಮಾರು 4,000 ಎಕರೆ ವಿಸ್ತಾರದ ಜಾಗ ದೊರಕಿತು; 2019ರ ಡಿಸೆಂಬರ್‌ನಲ್ಲಿ ಎರಡನೆಯ ರನ್‌ವೇ ಕೂಡ ಬಳಕೆಗೆ ಬಂದಿತು. ಆದರೆ ನಗರವು ಮತ್ತೆ ಅದೇ ದಿಕ್ಕಿಗೆ ಹೆಜ್ಜೆಯಿಟ್ಟಿದೆ. ದೇವನಹಳ್ಳಿಯ ಸುತ್ತಲೂ ಬಡಾವಣೆಗಳೂ ಬಹುಮಹಡಿ ವಸತಿಗಳೂ ತಲೆಯೆತ್ತುತ್ತಿವೆ. ನಿಲ್ದಾಣವನ್ನು ದೂರಕ್ಕೆ ಒಯ್ಯುವುದರಿಂದಲೇ ಸಮಸ್ಯೆ ಪರಿಹಾರವಾಗುವುದಿಲ್ಲ; ಮನೆಗಳು ಅದರ ಬೆನ್ನುಹತ್ತದಂತೆ ನೋಡಿಕೊಳ್ಳಬೇಕು.

ಸದ್ದಿನಿಂದ ಆಗುವ ಹಾನಿ ಕೇವಲ ಕಿರಿಕಿರಿ ಎಂದು ಭಾವಿಸುವವರು ಜರ್ಮನಿಯ ಮ್ಯೂನಿಕ್ ನಗರದ ಕಥೆಯನ್ನು ಗಮನಿಸಬೇಕು. 1992ರಲ್ಲಿ ಅಲ್ಲಿನ ಹಳೆಯ ನಿಲ್ದಾಣವನ್ನು ಮುಚ್ಚಿ ಬೇರೆಡೆ ಹೊಸದನ್ನು ತೆರೆಯಲಾಯಿತು. ಈ ಸಂದರ್ಭವನ್ನು ಬಳಸಿಕೊಂಡು ಸಂಶೋಧಕರು ಎರಡೂ ಕಡೆಯ ಶಾಲಾಮಕ್ಕಳನ್ನು ಸ್ಥಳಾಂತರಕ್ಕೆ ಮೊದಲೂ ಅನಂತರವೂ ಪರೀಕ್ಷಿಸಿದರು. ಹಳೆಯ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ನೆನಪಿನ ಶಕ್ತಿ ಸದ್ದು ನಿಂತ ಮೇಲೆ ಚೇತರಿಸಿಕೊಂಡಿತು. ಹೊಸ ನಿಲ್ದಾಣದ ಬಳಿಯ ಮಕ್ಕಳಲ್ಲಿ ಅದೇ ಕುಂದು ಕಾಣಿಸಿಕೊಂಡಿತು. ಮುಂದೆ ಇಂಗ್ಲೆಂಡ್, ಹಾಲೆಂಡ್ ಮತ್ತು ಸ್ಪೇನ್ ದೇಶಗಳ ದೊಡ್ಡ ನಿಲ್ದಾಣಗಳ ಸುತ್ತ ಸುಮಾರು 2,800 ಮಕ್ಕಳನ್ನು ಕುರಿತು ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೂ ವಿಮಾನದ ಸದ್ದು ಹೆಚ್ಚಿದಂತೆ ಓದಿ ಗ್ರಹಿಸುವ ಶಕ್ತಿ ತಗ್ಗುವುದನ್ನು ತೋರಿಸಿಕೊಟ್ಟಿತು. ಮಗುವಿನ ಕಲಿಕೆಗೆ ಪೆಟ್ಟು ಬೀಳುವುದೆಂದರೆ ಬಡಕುಟುಂಬದ ಏಕೈಕ ಆಸ್ತಿಗೇ ಪೆಟ್ಟು ಬಿದ್ದಂತೆ.

ನಮ್ಮ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮೀರಬಾರದು. ವಿಮಾನ ನಿಲ್ದಾಣಗಳಿಗಾಗಿ ಕೇಂದ್ರ ಸರಕಾರವು 2018ರ ಜೂನ್‌ನಲ್ಲಿ ಪ್ರತ್ಯೇಕ ಮಿತಿಗಳನ್ನು ಪ್ರಕಟಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನಗಳು ಏರಿಳಿಯುವ ನಿಲ್ದಾಣಗಳಿಗೆ ಹಗಲು 70, ರಾತ್ರಿ 65 ಡೆಸಿಬೆಲ್. ಉಳಿದವುಗಳಿಗೆ ಹಗಲು 65, ರಾತ್ರಿ 60. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ತೋರುತ್ತದೆ. ಅಂದಮೇಲೆ ದೊಡ್ಡ ನಿಲ್ದಾಣದ ನೆರೆಯವನು ಸಾಧಾರಣ ಬಡಾವಣೆಯ ನಿವಾಸಿಗಿಂತ ಸುಮಾರು ನಾಲ್ಕು ಪಟ್ಟು ಸದ್ದನ್ನು ರಾತ್ರಿಯಿಡೀ ಸಹಿಸಬೇಕೆಂದು ನಿಯಮವೇ ಒಪ್ಪಿಕೊಂಡಂತಾಯಿತು. ಐರೋಪ್ಯ ದೇಶಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು ಅದೇ 2018ರಲ್ಲಿ ಶಿಫಾರಸು ಮಾಡಿದ ಮಿತಿಯಾದರೋ ರಾತ್ರಿಯ ವಿಮಾನದ ಸದ್ದಿಗೆ 40 ಡೆಸಿಬೆಲ್ ಮಾತ್ರ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ನಮ್ಮ ಮಿತಿಗಳೆಲ್ಲವೂ ಸರಾಸರಿಯ ಲೆಕ್ಕ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಎಂಟು ಗಂಟೆಗಳಲ್ಲಿ ನಾಲ್ಕು ವಿಮಾನಗಳು ಹಾದುಹೋಗಿ, ಪ್ರತಿಯೊಂದೂ ಇಪ್ಪತ್ತು ಸೆಕೆಂಡುಗಳ ಕಾಲ 85 ಡೆಸಿಬೆಲ್ ಸದ್ದು ಮಾಡಿತೆಂದಿಟ್ಟುಕೊಳ್ಳಿ. ಉಳಿದ ಹೊತ್ತು ನಿಶ್ಶಬ್ದವಾಗಿದ್ದರೆ ಇಡೀ ರಾತ್ರಿಯ ಸರಾಸರಿಯು 60ರ ಒಳಗೇ ನಿಲ್ಲುತ್ತದೆ. ಕಾಗದದ ಮೇಲೆ ಯಾವ ಉಲ್ಲಂಘನೆಯೂ ಇಲ್ಲ. ಮನೆಯೊಳಗೆ ಹಸುಗೂಸು ನಾಲ್ಕು ಬಾರಿ ಬೆಚ್ಚಿಬಿದ್ದು ಅತ್ತಿದೆ. ಮನುಷ್ಯನ ನಿದ್ದೆಗೆ ಸರಾಸರಿ ತಿಳಿಯದು. ಆದುದರಿಂದ ಸರಾಸರಿಯ ಜೊತೆಗೆ ರಾತ್ರಿಯಲ್ಲಿ ಎಷ್ಟು ವಿಮಾನಗಳು ಹಾರಿದವು, ಪ್ರತಿಯೊಂದರ ಗರಿಷ್ಠ ಸದ್ದು ಎಷ್ಟು ಎಂಬುದನ್ನೂ ಅಳೆದು ಪ್ರಕಟಿಸಬೇಕು.

ಪರಿಹಾರದ ದಾರಿಗಳು ಲೋಕಕ್ಕೆ ತಿಳಿದಿವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2001ರಲ್ಲಿಯೇ ನಾಲ್ಕು ಉಪಾಯಗಳನ್ನು ಒಟ್ಟಾಗಿ ಪರಿಶೀಲಿಸಬೇಕೆಂದು ಸೂಚಿಸಿತು: ವಿಮಾನದ ಯಂತ್ರದಲ್ಲಿಯೇ ಸದ್ದನ್ನು ತಗ್ಗಿಸುವುದು, ನಿಲ್ದಾಣದ ಸುತ್ತಲಿನ ಭೂಮಿಯ ಬಳಕೆಯನ್ನು ಯೋಜಿಸುವುದು, ಏರುವ ಇಳಿಯುವ ಕ್ರಮಗಳನ್ನು ಸುಧಾರಿಸುವುದು, ಕೊನೆಯದಾಗಿ ಹಾರಾಟದ ವೇಳೆಗೆ ನಿರ್ಬಂಧ ವಿಧಿಸುವುದು. ಇಂದಿನ ಎಂಜಿನ್ನುಗಳು ಹಿಂದಿನವುಗಳಿಗಿಂತ ಬಹುಮಟ್ಟಿಗೆ ಶಾಂತವಾಗಿವೆಯೆಂಬುದು ನಿಜ. ಆದರೆ ವಿಮಾನಗಳ ಸಂಖ್ಯೆ ಏರುತ್ತಿರುವಾಗ ಆ ಲಾಭವು ಕರಗಿಹೋಗುತ್ತದೆ. ಮೆಟ್ಟಿಲಿಳಿದಂತೆ ಹಂತಹಂತವಾಗಿ ಇಳಿಯದೆ ಒಂದೇ ಇಳಿಜಾರಿನಲ್ಲಿ ಇಳಿದುಬಂದರೆ ಎಂಜಿನ್ನಿಗೆ ಮತ್ತೆ ಮತ್ತೆ ವೇಗ ತುಂಬುವ ಅಗತ್ಯ ಬೀಳುವುದಿಲ್ಲ. ಇಂಧನವೂ ಉಳಿಯುತ್ತದೆ, ಸದ್ದೂ ತಗ್ಗುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಂತಹ ಮಹಾ ನಿಲ್ದಾಣದಲ್ಲಿಯೇ 2011ರಿಂದ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ನಿಗದಿತ ಹಾರಾಟಗಳಿಗೆ ತಡೆಯಿದೆ. ಅಲ್ಲಿ ಸಾಧ್ಯವಾದುದು ನಮ್ಮ ಸಣ್ಣ ನಿಲ್ದಾಣಗಳಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಕೃಷಿಕರಾದ ನಮಗೆ ಹಾಲೆಂಡಿನ ಒಂದು ಪ್ರಯೋಗ ವಿಶೇಷ ಆಸಕ್ತಿಯದು. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲಿ 2003ರಲ್ಲಿ ಹೊಸ ರನ್‌ವೇ ತೆರೆದಾಗ ಹತ್ತಿರದ ಊರಿನವರಿಗೆ ನೆಲದ ಮೇಲಿನಿಂದ ಹರಿದುಬರುವ ಗಡಸು ಗುಡುಗಿನ ಬಾಧೆ ಆರಂಭವಾಯಿತು. ಹೊಲಗಳನ್ನು ಉತ್ತ ಋತುವಿನಲ್ಲಿ ಈ ಗುಡುಗು ತಗ್ಗುವುದನ್ನು ತಜ್ಞರು ಗುರುತಿಸಿದರು. ಸಪಾಟು ನೆಲದ ಮೇಲೆ ತಡೆಯಿಲ್ಲದೆ ಸಾಗುವ ಸದ್ದು ಉತ್ತ ನೆಲದ ಏರುತಗ್ಗುಗಳಲ್ಲಿ ಚದುರಿಹೋಗುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು ಸಾಲುಸಾಲು ಮಣ್ಣಿನ ಏರಿಗಳನ್ನು ಕಟ್ಟಿ, 2013ರಲ್ಲಿ ಅಲ್ಲೊಂದು ಉದ್ಯಾನವನ್ನೇ ತೆರೆದರು. ರಂಟೆ ಹೊಡೆದ ಹೊಲವು ಬೆಳೆಯ ಜೊತೆಗೆ ಶಾಂತಿಯನ್ನೂ ಕೊಡಬಲ್ಲದೆಂಬುದು ಇದರಿಂದ ವಿದಿತವಾಗುತ್ತದೆ. ನಿಲ್ದಾಣದ ಸುತ್ತಲಿನ ಭೂಮಿ ಹೊಲವಾಗಿಯೇ ಉಳಿಯಲಿ ಎಂಬ ವಾದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕೇ?

ಪಾಶ್ಚಾತ್ಯ ದೇಶಗಳ ಎಲ್ಲ ಉಪಾಯಗಳೂ ನಮಗೆ ಒಗ್ಗುವುದಿಲ್ಲವೆಂಬುದನ್ನೂ ಮರೆಯಬಾರದು. ಅಲ್ಲಿ ಸದ್ದಿಗೆ ಸಿಲುಕಿದ ಮನೆಗಳಿಗೆ ಎರಡು ಪದರದ ಗಾಜಿನ ಕಿಟಕಿಗಳನ್ನು ಕೂರಿಸಿಕೊಡುತ್ತಾರೆ. ಹಾವೇರಿ ಜಿಲ್ಲೆಯ ಏಪ್ರಿಲ್ ತಿಂಗಳಿನಲ್ಲಿ ಕಿಟಕಿ ಮುಚ್ಚಿ ಮಲಗುವವರು ಯಾರು? ತಗಡಿನ ಸೂರಿನಡಿ ವಾಸಿಸುವವನಿಗೆ ಗಾಜಿನ ಪದರ ಎಲ್ಲಿಯದು? ಗಾಳಿಗಾಗಿ ಕಿಟಕಿ ತೆರೆದಿಡುವ, ಬೇಸಿಗೆಯಲ್ಲಿ ಅಂಗಳದಲ್ಲೋ ಮಾಳಿಗೆಯ ಮೇಲೋ ಹಾಸಿಗೆ ಹಾಸುವ ನಾಡಿನಲ್ಲಿ ಗೋಡೆಯು ಸದ್ದನ್ನು ತಡೆಯಲಾರದು. ನಮಗಿರುವುದು ಎರಡೇ ದಾರಿ: ಸದ್ದು ಬೀಳುವ ಜಾಗದಲ್ಲಿ ಮನೆ ಕಟ್ಟಗೊಡದಿರುವುದು ಮತ್ತು ಮಲಗುವ ಹೊತ್ತಿನಲ್ಲಿ ಹಾರಾಟವನ್ನು ತಗ್ಗಿಸುವುದು.

ನಿಲ್ದಾಣ ಬಂದ ಮೇಲೆ ಬಂದು ನೆಲೆಸಿದವರು ದೂರುವುದೇಕೆಂದು ಕೆಲವರು ಆಕ್ಷೇಪಿಸುವುದುಂಟು. ಕೂಲಿಗಾಗಿ ನಗರ ಸೇರಿದವನು ಎಲ್ಲಿ ಬಾಡಿಗೆ ಅಗ್ಗವೋ ಅಲ್ಲಿಯೇ ಇರಬೇಕಾಗುತ್ತದೆ. ಅಂಥ ನೆಲದಲ್ಲಿ ಬಡಾವಣೆಗೆ ಒಪ್ಪಿಗೆಯಿತ್ತು, ನಿವೇಶನ ಹಂಚಿ, ತೆರಿಗೆ ವಸೂಲು ಮಾಡಿದವರ ಹೊಣೆಯನ್ನು ಮೊದಲು ಕೇಳಬೇಕೇ ಹೊರತು ಅಲ್ಲಿ ನಿದ್ದೆಗೆಟ್ಟವನದನ್ನಲ್ಲ.

ಆದುದರಿಂದ ನಮ್ಮ ಭಾಗದ ನಿಲ್ದಾಣಗಳ ವಿಷಯದಲ್ಲಿ ಕೆಲವು ಕ್ರಮಗಳನ್ನು ಈಗಲೇ ಒತ್ತಾಯಿಸಬೇಕಾಗಿದೆ. ಯಾವ ಗ್ರಾಮದ ಯಾವ ಭೂಮಿಯ ಮೇಲೆ ಎಷ್ಟು ಸದ್ದು ಬೀಳುತ್ತದೆಂಬ ನಕ್ಷೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಆಯಾ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಹೆಚ್ಚು ಸದ್ದಿನ ಪಟ್ಟಿಯಲ್ಲಿ ಮನೆ, ಶಾಲೆ, ಆಸ್ಪತ್ರೆಗಳಿಗೆ ಪರವಾನಗಿ ಕೊಡದೆ ಬೇಸಾಯ, ಗೋದಾಮು, ನೆಡುತೋಪುಗಳಿಗೆ ಮಾತ್ರ ಅವಕಾಶವಿರಬೇಕು. ಅದರಿಂದ ಭೂಮಿಯ ಬೆಲೆ ತಗ್ಗಿ ನಷ್ಟ ಅನುಭವಿಸುವ ರೈತನಿಗೆ ಯೋಗ್ಯ ಪರಿಹಾರ ದೊರಕಬೇಕು; ಊರಿನ ಶಾಂತಿಯ ಬೆಲೆಯನ್ನು ಅವನೊಬ್ಬನೇ ತೆರಬೇಕಾಗಬಾರದು. ನಿಲ್ದಾಣದ ಸುತ್ತ ಕಟ್ಟಡದ ಎತ್ತರವನ್ನು ಎಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸುತ್ತಾರೋ ಸದ್ದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರಿಶೀಲಿಸಬೇಕು. ರಾತ್ರಿಯ ಹಾರಾಟಗಳನ್ನು ಹೆಚ್ಚಿಸುವ ಮೊದಲು ಸುತ್ತಲಿನ ಗ್ರಾಮಸಭೆಗಳ ಅಭಿಪ್ರಾಯ ಕೇಳಬೇಕು.

ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. ಶಾಲೆಗಳನ್ನೂ ದವಾಖಾನೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸಿಕೊಂಡು ಬಂದಿರುವ ಸಮುದಾಯ ನಮ್ಮದು. ಹೊಸ ನಿವೇಶನ ನೋಡುವಾಗ ನೀರು, ರಸ್ತೆ, ಬೆಲೆಗಳ ಜೊತೆಗೆ ಆಕಾಶವನ್ನೂ ನೋಡುವ ರೂಢಿ ಬೆಳೆಯಲಿ. ಮಕ್ಕಳಿಗಾಗಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಜಾಗ ಕೊಳ್ಳುವ ಹಿರಿಯರು ಮುಂಗಡ ಕೊಡುವ ಮುನ್ನ ಒಂದು ರಾತ್ರಿ ಆ ಬಡಾವಣೆಯಲ್ಲಿ ತಂಗಿ ಬರುವುದು ಒಳಿತು. ದಾವಣಗೆರೆಯ ನಿಲ್ದಾಣದ ಬೇಡಿಕೆ ನಾಳೆ ಕೈಗೂಡಿದರೆ, ಜನಪ್ರತಿನಿಧಿಗಳನ್ನು ಅಭಿನಂದಿಸಲು ಹಾರ ಹಿಡಿದು ಹೋಗುವವರು ಸದ್ದಿನ ನಕ್ಷೆ ಎಲ್ಲಿದೆ ಎಂಬ ಒಂದು ಪ್ರಶ್ನೆಯನ್ನೂ ಜೊತೆಗೆ ಒಯ್ಯಲಿ. ಶಂಕುಸ್ಥಾಪನೆಗೆ ಮೊದಲು ಕೇಳಿದ ಒಂದು ಪ್ರಶ್ನೆಯು ಉದ್ಘಾಟನೆಯ ಅನಂತರ ಸಲ್ಲಿಸುವ ನೂರು ಮನವಿಪತ್ರಗಳಿಗಿಂತ ಹೆಚ್ಚು ಫಲಕಾರಿ.