ಖಾಲಿಯಾದ ದ್ರಾಕ್ಷಾರಸದ ಬಾಟಲಿ

ಮೆಕ್ಸಿಕೊದ ಒಂದು ಹೋಟೆಲಿನ ಕೋಣೆ. ಹರಕು ಬಟ್ಟೆಯ ಪಾದ್ರಿಯೊಬ್ಬ ಕದ್ದುಮುಚ್ಚಿ ಒಂದು ಬಾಟಲಿ ದ್ರಾಕ್ಷಾರಸ ಕೊಂಡಿದ್ದಾನೆ. ಮದ್ಯಕ್ಕೆ ನಿಷೇಧವಿರುವ, ಸಿಕ್ಕಿಬಿದ್ದ ಪಾದ್ರಿಗೆ ಗುಂಡೇಟು ಖಚಿತವಾಗಿರುವ ರಾಜ್ಯ ಅದು. ದ್ರಾಕ್ಷಾರಸವಿಲ್ಲದೆ ಬಲಿಪೂಜೆ ನಡೆಯುವಂತಿಲ್ಲ. ಬಾಟಲಿ ಮಾರಿದವನು ತನಗೂ ಸ್ವಲ್ಪ ಸುರಿ ಎನ್ನುತ್ತಾನೆ. ಒಲ್ಲೆನೆಂದರೆ ತಾನು ಪಾದ್ರಿಯೆಂಬ ಗುಟ್ಟು ರಟ್ಟಾಗುತ್ತದೆ. ಗುಟುಕು ಗುಟುಕಾಗಿ ಬಾಟಲಿ ಬರಿದಾಗುವುದನ್ನು ನೋಡುತ್ತಾ ಆತ ಕೂತಿರುತ್ತಾನೆ. ಕಣ್ಣಲ್ಲಿ ನೀರು. ಯಾಕೆಂದು ಕೇಳಿದವರಿಗೆ ಅಮಲಿನ ನೆಪ ಹೇಳುತ್ತಾನೆ.

ಗ್ರಹಾಂ ಗ್ರೀನ್ ಅವರ ‘ದಿ ಪವರ್ ಅಂಡ್ ದಿ ಗ್ಲೋರಿ’ (1940) ಕಾದಂಬರಿಯ ಈ ದೃಶ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಲು ಕಾರಣರಾದವರೆಂದು ಗ್ರೀನ್ ನಮಗೆ ಗೊತ್ತು. ಅವರ ಈ ಕುಡುಕ ಪಾದ್ರಿಯ ಬಗ್ಗೆ ಮಾತ್ರ ನಮ್ಮಲ್ಲಿ ಮಾತು ಕಡಿಮೆ. ಗ್ರೀನ್ 1926ರಲ್ಲಿ ಕ್ಯಾಥೊಲಿಕ್ ಪಂಥಕ್ಕೆ ಸೇರಿದ್ದನ್ನು ಖಾಸಗಿ ಸಂಗತಿಯೆಂದು ಬದಿಗಿಟ್ಟು, ಉಳಿದದ್ದನ್ನಷ್ಟೇ ಸಾಹಿತ್ಯವೆಂದು ಓದುವ ವಿಮರ್ಶೆ ಇದೆ. ಹಾಗೆ ಓದಿದರೆ ಆ ಕೋಣೆಯಲ್ಲಿ ನಾಲ್ಕು ಜನ ಕುಡಿದರು ಎಂಬಷ್ಟೇ ಉಳಿಯುತ್ತದೆ. ಆ ದ್ರವ ಕ್ರಿಸ್ತನ ರಕ್ತವಾಗಬೇಕಿತ್ತು ಎಂಬ ನಂಬಿಕೆಯೇ ದೃಶ್ಯದ ಬೆನ್ನೆಲುಬು. ಓದುಗ ಅದನ್ನು ಒಪ್ಪಬೇಕಿಲ್ಲ. ಆದರೆ ಪಾದ್ರಿ ಅದನ್ನು ಒಪ್ಪಿದ್ದಾನೆ ಎಂಬುದನ್ನು ಮರೆತರೆ ಕಣ್ಣೀರಿಗೆ ಅರ್ಥವಿಲ್ಲ.

ಕ್ರೈಸ್ತ ನಂಬಿಕೆಯೊಳಗಿಂದ ಬರೆಯುವ ಇಂಥ ಲೇಖಕರ ಸಾಹಿತ್ಯಿಕ ಸತ್ವವನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಪ್ರಶ್ನೆ: ತಮ್ಮ ನಂಬಿಕೆಗೆ ಎದುರಾದವನಿಗೆ ಇವರು ಎಷ್ಟು ಜಾಗ ಕೊಟ್ಟಿದ್ದಾರೆ? ಗ್ರೀನ್ ಕಾದಂಬರಿಯಲ್ಲಿ ಪಾದ್ರಿಯ ಬೆನ್ನು ಹತ್ತುವ ಪೊಲೀಸ್ ಅಧಿಕಾರಿ ನಾಸ್ತಿಕ, ಶಿಸ್ತಿನವನು, ಮಕ್ಕಳು ಹಸಿವಿಲ್ಲದೆ ಬೆಳೆಯಲೆಂದು ಹಂಬಲಿಸುವವನು. ಪಾದ್ರಿಯೋ ಕುಡುಕ, ಹೆದರುಪುಕ್ಕಲ, ಒಂದು ಹೆಣ್ಣುಮಗುವಿನ ತಂದೆ. ಜೈಲಿನಿಂದ ಬಿಡುವಾಗ, ಇವನೇ ತಾನು ಹುಡುಕುತ್ತಿರುವವನೆಂದು ತಿಳಿಯದೆ, ಅಧಿಕಾರಿಯೇ ಅವನ ಕೈಗೆ ಕಾಸು ಕೊಡುತ್ತಾನೆ. 1953ರಲ್ಲಿ ವ್ಯಾಟಿಕನ್‌ನ ಹೋಲಿ ಆಫೀಸ್ ಕಾದಂಬರಿಯನ್ನು ಆಕ್ಷೇಪಿಸಿ ತಿದ್ದುವಂತೆ ಸೂಚಿಸಿತು. ಗ್ರೀನ್ ತಿದ್ದಲಿಲ್ಲ.

ಅದೇ ಗ್ರೀನ್ ಎಲ್ಲ ಕಡೆ ಗೆದ್ದರೆಂದಲ್ಲ. ‘ದಿ ಹಾರ್ಟ್ ಆಫ್ ದಿ ಮ್ಯಾಟರ್’ (1948) ಬಂದಾಗ ಜಾರ್ಜ್ ಆರ್ವೆಲ್ ಕಟುವಾಗಿ ಬರೆದರು: ನರಕ ಉಂಟೆಂದು ನಿಜಕ್ಕೂ ನಂಬುವವನು ಆ ಕಾದಂಬರಿಯ ನಾಯಕನಂತೆ ನಡೆದುಕೊಳ್ಳುತ್ತಾನೆಯೇ ಎಂಬುದು ಅವರ ತಕರಾರಿನ ತಿರುಳು. ಆರ್ವೆಲ್ ಮಾತು ನನಗೆ ಸರಿಯೆನ್ನಿಸುತ್ತದೆ. ಅಲ್ಲಿ ಪಾಪಕ್ಕೆ ಒಂದು ಠೀವಿ ಬಂದುಬಿಟ್ಟಿದೆ. ಇನ್ನು 1995ರಲ್ಲಿ ಶುರುವಾಗಿ 16 ಸಂಪುಟಗಳಿಗೆ ಬೆಳೆದ ‘ಲೆಫ್ಟ್ ಬಿಹೈಂಡ್’ನಂಥ, ಲೋಕಾಂತ್ಯದ ಕಥೆ ಹೇಳುವ ಕ್ರೈಸ್ತ ಕಾದಂಬರಿ ಸರಣಿಗಳ ಮಾತು ಬೇರೆ. ಅಲ್ಲಿ ಯಾರು ಉಳಿಯುತ್ತಾರೆ, ಯಾರು ಅಳಿಯುತ್ತಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಕಥೆಗಾರ್ತಿ ಫ್ಲಾನರಿ ಓಕಾನರ್ ಇನ್ನೂ ನಿಷ್ಠುರರು. ಲೂಪಸ್ ಕಾಯಿಲೆಯಿಂದ ನರಳುತ್ತಾ, ತಾಯಿಯ ತೋಟದ ಮನೆಯಲ್ಲಿ ನವಿಲು ಸಾಕುತ್ತಾ ಬರೆದು, 1964ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡವರು. ಅವರ ‘ರೆವೆಲೇಶನ್’ ಕಥೆಯ ಟರ್ಪಿನ್ ಎಂಬಾಕೆ ದೈವಭಕ್ತೆ. ಡಾಕ್ಟರ ಬಳಿ ಸರದಿಗಾಗಿ ಕಾಯುತ್ತಾ, ಕೂತವರನ್ನೆಲ್ಲ ಮನಸ್ಸಿನಲ್ಲೇ ಮೇಲು ಕೀಳೆಂದು ವಿಂಗಡಿಸಿ, ತನ್ನನ್ನು ಹೀಗೆ ಹುಟ್ಟಿಸಿದ್ದಕ್ಕೆ ಯೇಸುವಿಗೆ ಕೃತಜ್ಞತೆ ಹೇಳುತ್ತಿರುವಾಗಲೇ ಎದುರಿನ ಕಾಲೇಜು ಹುಡುಗಿ ಕೈಲಿದ್ದ ದಪ್ಪ ಪುಸ್ತಕವನ್ನು ಅವಳ ಮುಖಕ್ಕೆ ಬೀಸಿ ಒಗೆಯುತ್ತಾಳೆ, ಹಂದಿಯೆಂದು ಬೈಯುತ್ತಾಳೆ. ಹುಡುಗಿಯ ಹೆಸರು ಮೇರಿ ಗ್ರೇಸ್; ಗ್ರೇಸ್ ಎಂದರೆ ಕೃಪೆ. ದೇವರ ಕೃಪೆ ಬರುವುದು ಹಣೆ ಊದಿಸುವ ಪುಸ್ತಕವಾಗಿ. ಸಂಜೆ ತನ್ನದೇ ಹಂದಿಗಳಿಗೆ ಪೈಪಿನಿಂದ ನೀರು ಬಿಡುತ್ತಾ ನಿಂತವಳಿಗೆ ಸ್ವರ್ಗಕ್ಕೆ ಹೊರಟ ಮೆರವಣಿಗೆ ಕಾಣುತ್ತದೆ. ಅವಳು ಕೀಳೆಂದವರೆಲ್ಲ ಮುಂದೆ, ಅವಳಂಥ ಮರ್ಯಾದಸ್ಥರು ಕೊನೆಯಲ್ಲಿ. ಓಕಾನರ್ ಅವರ ಪತ್ರಗಳಲ್ಲಿ ಕರಿಯರ ಬಗ್ಗೆ ಕ್ಷಮಿಸಲಾಗದ ಮಾತುಗಳಿವೆ. ಬರೆದಾಕೆ ತನ್ನ ಕಥೆ ಮುಟ್ಟಿದ ಎತ್ತರವನ್ನು ತಾನು ಮುಟ್ಟಲಿಲ್ಲ ಎಂಬುದನ್ನು ನೋವಿನಿಂದಲೇ ಹೇಳಬೇಕು.

ನಮ್ಮ ಪಂಪ ಆದಿಪುರಾಣವನ್ನು ಆಗಮಿಕವೆಂದೂ ವಿಕ್ರಮಾರ್ಜುನ ವಿಜಯವನ್ನು ಲೌಕಿಕವೆಂದೂ ಬೇರೆಬೇರೆಯಾಗಿ ಬರೆದ. ಗ್ರೀನ್, ಓಕಾನರ್ ಅವರಂಥ ಲೇಖಕರಿಗೆ ಆ ಅನುಕೂಲವಿರಲಿಲ್ಲ. ಅವರ ಆಗಮ ಹಂದಿಗೂಡಿನಲ್ಲೇ, ಹೋಟೆಲಿನ ಕೋಣೆಯಲ್ಲೇ ನಡೆಯಬೇಕಿತ್ತು.

ಅಮೆರಿಕದ ಇನ್ನೊಬ್ಬ ಲೇಖಕಿ ಮ್ಯಾರಿಲಿನ್ ರಾಬಿನ್ಸನ್ ಅವರ ‘ಗಿಲ್ಯಾಡ್’ 2005ರಲ್ಲಿ ಪುಲಿಟ್ಜರ್ ಪಡೆಯಿತು. 76ರ ಮುದುಕ ಪಾಸ್ಟರ್ ಏಮ್ಸ್ ತನ್ನ ಪುಟ್ಟ ಮಗನಿಗಾಗಿ ಬರೆದಿಡುವ ಪತ್ರವೇ ಕಾದಂಬರಿ. ಅವನ ಗೆಳೆಯನ ಮಗ ಜ್ಯಾಕ್‌ಗೆ ದೇವರಲ್ಲಿ ನಂಬಿಕೆಯಿಲ್ಲ. ಏಮ್ಸ್‌ಗೆ ಜ್ಯಾಕ್ ಮೇಲೆ ನಂಬಿಕೆಯಿಲ್ಲ. ಇಡೀ ಪುಸ್ತಕ ಒಳ್ಳೆಯ ಮನುಷ್ಯನೊಬ್ಬ ಕ್ಷಮಿಸಲಾರದೆ ಒದ್ದಾಡುವ ಕಥೆ. ಏಮ್ಸ್ ನೋಟ ಸಾಲದೆಂದು ರಾಬಿನ್ಸನ್ ಅದೇ ದಿನಗಳನ್ನು ಜ್ಯಾಕ್ ಮನೆಯ ಕಡೆಯಿಂದ ‘ಹೋಮ್’ನಲ್ಲಿ (2008) ಮತ್ತೆ ಬರೆದರು. 2020ರಲ್ಲಿ ‘ಜ್ಯಾಕ್’ ಹೆಸರಲ್ಲೇ ಇನ್ನೊಂದು ಕಾದಂಬರಿ ಕೊಟ್ಟರು. ‘ಗಿಲ್ಯಾಡ್’ನ ಕೊನೆಯಲ್ಲಿ ಊರು ಬಿಟ್ಟು ಹೊರಟ ಜ್ಯಾಕ್‌ನ ಜತೆ ಏಮ್ಸ್ ಬಸ್ಸಿಗಾಗಿ ಕಾಯುತ್ತಾನೆ. ಆಶೀರ್ವದಿಸಲೇ ಎಂದು ಕೇಳುತ್ತಾನೆ. ಜ್ಯಾಕ್ ಟೋಪಿ ತೆಗೆದು ತಲೆಬಾಗುತ್ತಾನೆ. ಮುದುಕನ ಕೈ ಅವನ ಹಣೆಯ ಮೇಲೆ. ಅವನಿಗೆ ನಂಬಿಕೆ ಬಂತೆಂದು ರಾಬಿನ್ಸನ್ ಬರೆಯುವುದಿಲ್ಲ. ಬಸ್ಸು ಬರುತ್ತದೆ, ಅವನು ಹೋಗುತ್ತಾನೆ.