ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿದರೆ ನೆಗಡಿ ಅಂತ ಬಿಡಬೇಡಿ

ಬೆಳೆಹಾನಿ ಸುದ್ದಿಗೆಂದು ಹೋದ ಹಳ್ಳಿಯಲ್ಲಿ ಒಂದನೇ ಕ್ಲಾಸಿನ ಹುಡುಗನೊಬ್ಬ ಬಾಯಿ ತೆರೆದೇ ಉಸಿರಾಡುತ್ತಿದ್ದ. "ನೆಗಡಿ ಅಣ್ಣಾ, ಎಂಟು ತಿಂಗಳಾತು. ಬಲಗಡೆ ಅಷ್ಟ ಕಟ್ಟತೈತಿ" ಎಂದರು ಅವನ ತಾಯಿ. ಮೂರು ಕಡೆ ತೋರಿಸಿದ್ದರು. ಮೂರೂ ಕಡೆ ಸಿರಪ್, ಆಂಟಿಬಯಾಟಿಕ್. ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿದವರು ಒಬ್ಬರೂ ಇಲ್ಲ.

ಇಎನ್‌ಟಿ ವೈದ್ಯರಿಗೆ ತೋರಿಸಿ ಅಂದೆ. ಕ್ಯಾಮೆರಾ ಕೊಳವೆ ಹಾಕಿ ನೋಡಿದರೆ, ಕೆನ್ನೆಯೊಳಗಿನ ಸೈನಸ್‌ನಿಂದ ಬೆಳೆದ ಪಾಲಿಪ್ ಮೂಗಿನ ಹಿಂಭಾಗದವರೆಗೆ ಇಳಿದಿತ್ತು.

ಮಾಮೂಲಿ ನೆಗಡಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಒಂದೇ ಹೊಳ್ಳೆ ಕಟ್ಟಿದರೆ ಕಾರಣ ಹುಡುಕಲೇಬೇಕು. ಆ ಕಡೆಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ, ಮಗು ಕಡಲೆಯನ್ನೋ ಮಣಿಯನ್ನೋ ತೂರಿಸಿಕೊಂಡಿರಬಹುದು. ಮೂಗಿನ ಪಕ್ಕ ಊತ, ಕಣ್ಣು ಮುಂದೆ ಬರುವುದು, ಪದೇಪದೇ ರಕ್ತ ಸೋರುವುದು ಕಂಡರೆ ತಡ ಮಾಡಬೇಡಿ.

ಮಕ್ಕಳ ಸೈನಸ್‌ನಲ್ಲಿ ಗಡ್ಡೆ ಅಪರೂಪ. ಕ್ಯಾನ್ಸರ್ ಅಲ್ಲದ ಗಡ್ಡೆಗಳೂ ಇವೆ. ಆದರೆ "ಕ್ಯಾನ್ಸರ್ ಅಲ್ಲ" ಅಂದರೆ "ಏನೂ ಇಲ್ಲ" ಅಂತಲ್ಲ. ಬೆಳೆದರೆ ಕಣ್ಣು, ಹಲ್ಲು, ಮುಖದ ಮೂಳೆಯನ್ನು ಒತ್ತುತ್ತದೆ.

ಇನ್ನೊಂದು ಮಾತು. ಸ್ಕ್ಯಾನ್ ಆಗದೆ ಅದನ್ನು ಯಾರೂ ಚುಚ್ಚಬಾರದು, ಕತ್ತರಿಸಬಾರದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಮೆದುಳಿನ ಪೊರೆ ಮೂಗಿನೊಳಗೆ ಇಳಿದು ಪಾಲಿಪ್‌ನಂತೆಯೇ ಕಾಣುತ್ತದೆ. ಅದನ್ನು ಕತ್ತರಿಸಿದರೆ ಮೆದುಳಿನ ನೀರು ಸೋರಿ, ಸೋಂಕು ತಲೆಗೇರಬಹುದು. ಅದಕ್ಕೇ ಮೊದಲು ಸಿಟಿ ಅಥವಾ ಎಂಆರ್‌ಐ, ಆಮೇಲೆ ತುಣುಕಿನ ಪರೀಕ್ಷೆ.

ಚಿಕಿತ್ಸೆಯೂ ಎಲ್ಲಕ್ಕೂ ಒಂದೇ ಅಲ್ಲ. ಪಾಲಿಪ್ ಅನ್ನು ಮೂಗಿನ ಮೂಲಕವೇ ಬುಡಸಮೇತ ತೆಗೆಯುತ್ತಾರೆ. ಬುಡ ಉಳಿದರೆ ಮತ್ತೆ ಬೆಳೆಯುತ್ತದೆ. ಮೂಳೆ ಉಬ್ಬುವ ಫೈಬ್ರಸ್ ಡಿಸ್‌ಪ್ಲೇಸಿಯಾ ತೊಂದರೆ ಕೊಡದಿದ್ದರೆ ಆಪರೇಷನ್ ಮಾಡದೆ ವರ್ಷವರ್ಷ ನೋಡುತ್ತಿರುತ್ತಾರೆ. ಎರಡರಲ್ಲೂ ವೈದ್ಯರು ಹೇಳಿದ ದಿನ ಮತ್ತೆ ತೋರಿಸುವುದು ಮುಖ್ಯ.

ನನ್ನ ತಕರಾರು ಇಷ್ಟೇ: ಒಂದೇ ಕಡೆ ಮೂಗು ಕಟ್ಟಿದ ಮಗುವಿಗೆ ಮೂರನೇ ಸಲವೂ ಆಂಟಿಬಯಾಟಿಕ್ ಬರೆಯುವ ಬದಲು ಇಎನ್‌ಟಿಗೆ ಚೀಟಿ ಬರೆದುಕೊಡಿ. ತಂದೆತಾಯಿಯರೇ, ಕೊಡದಿದ್ದರೆ ನೀವೇ ಕೇಳಿ. ಶಾಲೆ, ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೂ ತೋರಿಸಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಾರ್ಡ್ ಮರೆಯಬೇಡಿ.

ಆ ಹುಡುಗ ಈಗ ಬಾಯಿ ಮುಚ್ಚಿ ಮಲಗುತ್ತಾನಂತೆ. ಎಂಟು ತಿಂಗಳು ಕಾಯಬೇಕಿರಲಿಲ್ಲ.